ಮಾಡಿಸಿದವರೂ ಮಾಡಿದವರೂ

ಶೃಂಗೇರಿಗೆ ಹೋಗಿಬಂದವರನ್ನು ಕೇಳಿನೋಡಿ. ಶಾರದಾಂಬೆಯ ದರ್ಶನ, ತುಂಗೆಯ ಮೀನು, ಮಠದ ಊಟ, ಇವುಗಳ ಮಾತು ಮುಗಿದ ಮೇಲೆ ಅವರು ಮರೆಯದೆ ಹೇಳುವ ಇನ್ನೊಂದು ಸಂಗತಿ ಉಂಟು. ವಿದ್ಯಾಶಂಕರ ದೇವಾಲಯದ ಕಂಬದ ಸಿಂಹದ ಬಾಯಲ್ಲಿ ಒಂದು ಕಲ್ಲಿನ ಗುಂಡು ಇದೆ. ಬೆರಳಿನಿಂದ ತಳ್ಳಿದರೆ ಒಳಗೇ ಉರುಳುವುದು, ಹೊರಕ್ಕೆ ಮಾತ್ರ ಬಾರದು. ಅದನ್ನು ಆಮೇಲೆ ಒಳಗಿಟ್ಟದ್ದಲ್ಲ. ಇಡಲು ಬರುವಂತೆಯೂ ಇಲ್ಲ. ಸಿಂಹದ ಬಾಯೊಳಗಣ ಕಲ್ಲನ್ನೇ ಹಲ್ಲುಗಳ ಸಂದಿನಿಂದ ಉಳಿ ತೂರಿಸಿ, ಸುತ್ತಲೂ ಕೊರೆದು, ದುಂಡಗೆ ಮಾಡಿ, ಕೊನೆಗೆ ತಾಯಿಕಲ್ಲಿನಿಂದ ಬಿಡಿಸಿದ್ದು. ಆ ಕೊನೆಯ ಗಳಿಗೆಯಲ್ಲಿ ಒಂದು ಪೆಟ್ಟು ಬಿರುಸಾಗಿ ಬಿದ್ದಿದ್ದರೆ ಹಲ್ಲೂ ಹೋಗುತ್ತಿತ್ತು, ಗುಂಡೂ ಒಡೆಯುತ್ತಿತ್ತು.

ನೋಡಿದವರೆಲ್ಲರೂ ಮೆಚ್ಚುವರು. ಮಕ್ಕಳಂತೂ ಆ ಕಂಬವನ್ನು ಬಿಟ್ಟು ಕದಲಲೊಲ್ಲರು. ಆದರೆ ‘ಇದನ್ನು ಮಾಡಿದವನು ಯಾರು?’ ಎಂದು ಕೇಳುವವರು ಎಷ್ಟು ಮಂದಿ? ಕೇಳಿದರೂ ಉತ್ತರ ಬರುವುದು ಹೀಗೆ: ವಿಜಯನಗರದ ಅರಸರ ಕಾಲದ್ದು, ವಿದ್ಯಾತೀರ್ಥರ ಸ್ಮರಣೆಗಾಗಿ ಕಟ್ಟಿಸಿದ್ದು. ಈ ಉತ್ತರ ಸರಿಯೇ. ಆದರೆ ನಾವು ಕೇಳಿದ್ದು ಬೇರೆ, ಅವರು ಹೇಳಿದ್ದು ಬೇರೆ. ಕೇಳಿದ್ದು ಮಾಡಿದವನ ವಿಷಯ. ಬಂದ ಉತ್ತರ ಮಾಡಿಸಿದವರ ವಿಷಯ. ನಮ್ಮ ಭಾಷೆಯಲ್ಲಿ ಈ ಎರಡು ಮಾತುಗಳ ನಡುವೆ ಇರುವುದು ಒಂದೇ ಒಂದು ‘ಸಿ’ಕಾರ. ಆ ಒಂದಕ್ಷರದ ಸಂದಿನಲ್ಲಿ ಎಷ್ಟು ಜನ ಶಿಲ್ಪಿಗಳು ಮರೆಯಾಗಿ ಹೋಗಿರುವರೆಂಬುದೇ ಈ ಲೇಖನದ ವಿಷಯ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಪಡುವಣ ಮಗ್ಗುಲಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ತುಂಗೆ ಒಂದು ಕಡೆ, ಭದ್ರೆ ಇನ್ನೊಂದು ಕಡೆ. ನಡುವೆ ಅಡಕೆಯ ತೋಟ, ಕಾಫಿಯ ನೆರಳು, ಕಾಡು. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಊರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತು ನರಸಿಂಹರಾಜಪುರವಾಯಿತು. ಮಳೆಗಾಲದಲ್ಲಿ ಇಲ್ಲಿ ಸುರಿಯುವ ಮಳೆಯನ್ನು ಬಯಲುಸೀಮೆಯವರು ಊಹಿಸಿಕೊಳ್ಳುವುದೂ ಕಷ್ಟ. ಅಂಥ ಮಳೆಯಲ್ಲಿ ಮಣ್ಣಿನ ಗೋಡೆ ಕರಗುವುದು, ಮರದ ತೊಲೆಗೆ ಗೆದ್ದಲು ಹಿಡಿಯುವುದು, ಬಣ್ಣ ಹಾವಸೆಯಾಗುವುದು. ಉಳಿದು ನಿಲ್ಲುವುದು ಕಲ್ಲೊಂದೇ. ಆದ್ದರಿಂದ ಈ ಸೀಮೆಯ ಹಳೆಯ ಕತೆಯನ್ನು ಕೇಳಬೇಕೆಂದರೆ ಕಲ್ಲನ್ನೇ ಕೇಳಬೇಕು.

ಕಲ್ಲು ಹೇಳುವುದೂ ಕಡಮೆಯೇನಲ್ಲ. ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಯಲ್ಲಿ ಜ್ವಾಲಾಮಾಲಿನಿ ಪೂಜೆಗೊಳ್ಳುತ್ತಿರುವಳು. ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಯಕ್ಷಿ ಅವಳು. ಕೊಪ್ಪದ ಹತ್ತಿರ ಕೆಸವೆಯಲ್ಲಿ ಕಮಂಡಲ ಗಣಪತಿ, ಆತನ ಮುಂದೆ ಬ್ರಾಹ್ಮೀ ನದಿಯ ಉಗಮ. ಶೃಂಗೇರಿಗೆ ಮೇಲುಗಡೆ ಕಿಗ್ಗದಲ್ಲಿ ಮಳೆಯ ದೇವರಾದ ಋಷ್ಯಶೃಂಗೇಶ್ವರ; ಮಳೆ ಬಾರದಿದ್ದರೂ ಅವನಿಗೇ ಮೊರೆ, ಮಳೆ ನಿಲ್ಲದಿದ್ದರೂ ಅವನಿಗೇ ಮೊರೆ. ಶೃಂಗೇರಿ ಪೇಟೆಯ ನಡುವೆ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ. ಪಕ್ಕದ ಗುಡ್ಡದ ಮೇಲೆ ಮಲಹಾನಿಕರೇಶ್ವರ. ಆ ಮಲಹಾನಿಕರೇಶ್ವರನ ಗುಡಿಯ ಕಂಬವೊಂದರಲ್ಲಿ ಸ್ತಂಭಗಣಪತಿ ಇದ್ದಾನೆ. ಮಠದ ಗುರುಗಳೊಬ್ಬರು ಅರಿಸಿನದ ಕೊಂಬಿನಿಂದ ಕಂಬದ ಮೇಲೆ ಗೆರೆ ಎಳೆದರೆಂದೂ ಗೆರೆ ಎಳೆದಲ್ಲಿ ಗಣಪತಿ ಮೂಡಿಬಂದನೆಂದೂ ಸ್ಥಳದ ಐತಿಹ್ಯ. ಭಕ್ತರಿಗೆ ಅದು ಪವಾಡ. ಶಿಲ್ಪಿಯ ಕಣ್ಣಿನಿಂದ ನೋಡಿದರೆ ಅದು ದಿನನಿತ್ಯದ ಅನುಭವ: ಮೊದಲು ಗೆರೆ, ಆಮೇಲೆ ರೂಪ, ರೂಪವೆಂಬುದು ಕಲ್ಲಿನೊಳಗೆ ಮೊದಲೇ ಇತ್ತು, ಬೇಡದ ಭಾಗವನ್ನು ತೆಗೆದದ್ದಷ್ಟೇ ನಮ್ಮ ಕೆಲಸವೆಂಬ ಭಾವ.

ಇವೆಲ್ಲಕ್ಕೂ ಮಕುಟಪ್ರಾಯವಾಗಿ ನಿಂತಿರುವುದು ವಿದ್ಯಾಶಂಕರ ದೇವಾಲಯ. ೧೩೩೮ರಲ್ಲಿ ಕಟ್ಟಿದ್ದೆಂಬುದು ಸಂಪ್ರದಾಯದ ಲೆಕ್ಕ. ಅದಕ್ಕಿಂತ ಒಂದೆರಡು ದಶಕ ಈಚಿನದೆನ್ನುವ ವಿದ್ವಾಂಸರೂ ಉಂಟು. ಹದಿನಾಲ್ಕನೆಯ ಶತಮಾನದ್ದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎತ್ತರವಾದ ಜಗಲಿಯ ಮೇಲೆ, ಪೂರ್ವಪಶ್ಚಿಮವಾಗಿ, ಎರಡು ತುದಿಗಳಲ್ಲಿಯೂ ದುಂಡಾಗಿ ಬಾಗಿ ನಿಂತ ಈ ಕಟ್ಟಡದಂತಹ ಇನ್ನೊಂದನ್ನು ಕನ್ನಡನಾಡಿನಲ್ಲಿ ಕಾಣುವುದು ದುರ್ಲಭ. ಒಳಗೆ ಬರಲು ಆರು ಬಾಗಿಲು. ತಳಭಾಗದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಪುರಾಣದ ಕತೆಗಳು. ಸೂರಿನ ಮೂಲೆಗಳಿಂದ ಇಳಿಬಿದ್ದ ಕಲ್ಲಿನ ಸರಪಣಿಗಳು, ಉಂಗುರದೊಳಗೆ ಉಂಗುರ. ಕಬ್ಬಿಣದ ಸರಪಣಿಯನ್ನು ಕಮ್ಮಾರನು ಕಾಸಿ, ಬಾಗಿಸಿ, ಬೆಸೆದು ಮಾಡುವನು. ಕಲ್ಲನ್ನು ಕಾಸಿ ಬಾಗಿಸುವಂತಿಲ್ಲ. ಒಂದೇ ಕಲ್ಲಿನಲ್ಲಿ ಮುಂದಿನ ಉಂಗುರವನ್ನು ಹಿಂದಿನ ಉಂಗುರದ ಒಳಗೇ ಕಂಡುಕೊಂಡು ಬಿಡಿಸಬೇಕು. ಕೈಗಿಂತ ಮೊದಲು ಮನಸ್ಸು ಅಲ್ಲಿಗೆ ಹೋಗಿ ಬಂದಿರಬೇಕು.

ಒಳಗಿನ ಮಂಟಪದಲ್ಲಿ ಹನ್ನೆರಡು ಕಂಬ, ಒಂದೊಂದರ ಮೇಲೂ ಮೇಷ ಮೊದಲಾಗಿ ಮೀನದವರೆಗೆ ಒಂದೊಂದು ರಾಶಿಯ ಚಿಹ್ನೆ. ಸೂರ್ಯನು ಯಾವ ರಾಶಿಯಲ್ಲಿ ಇರುವನೋ ಆ ತಿಂಗಳು ಬೆಳಗಿನ ಕಿರಣ ಆ ಕಂಬದ ಮೇಲೆ ಬೀಳುವಂತೆ ಯೋಜಿಸಿದೆಯೆಂದು ಪ್ರತೀತಿ. ನೆರಳಿನ ದಿಕ್ಕನ್ನು ಗುರುತಿಸಲು ನೆಲದ ಮೇಲೆ ಒಂದು ವೃತ್ತವನ್ನೂ ಗೆರೆಗಳನ್ನೂ ಕೊರೆದಿರುವರು. ಜ್ಯೋತಿಷಿಯ ಲೆಕ್ಕವನ್ನು ಶಿಲ್ಪಿ ತಿಳಿದಿದ್ದನೋ, ಶಿಲ್ಪಿಯ ಕಷ್ಟವನ್ನು ಜ್ಯೋತಿಷಿ ತಿಳಿದಿದ್ದನೋ, ಅಂತೂ ಇಬ್ಬರೂ ಎದುರುಬದುರು ಕುಳಿತು ಮಾತನಾಡಿದ್ದಲ್ಲದೆ ಇಂತಹ ಕೆಲಸ ಆಗುವಂತಿಲ್ಲ. ಗುರುಗಳ ಸಮ್ಮುಖದಲ್ಲಿ ಪಂಡಿತನ ಪಕ್ಕದಲ್ಲಿ ಕುಳಿತು ಮಾತನಾಡಬಲ್ಲ ಶಿಲ್ಪಿಯೊಬ್ಬನು ಅಂದು ಶೃಂಗೇರಿಯಲ್ಲಿ ಇದ್ದನೆಂದಾಯಿತು. ಅವನು ಕೂಲಿಯಾಳಲ್ಲ, ಆಚಾರ್ಯ.

ಆದರೂ ಅವನ ಹೆಸರು ಜನರ ನಾಲಗೆಯ ಮೇಲೆ ಉಳಿಯಲಿಲ್ಲ. ಅದೇ ಕಾಲದ ಇತರರ ಹೆಸರುಗಳು ಎಷ್ಟು ಚೆನ್ನಾಗಿ ಉಳಿದಿವೆ ನೋಡಿ. ೧೩೪೬ರಲ್ಲಿ ಹರಿಹರ ಮತ್ತು ಆತನ ಸಹೋದರರು ಶೃಂಗೇರಿಗೆ ಬಂದು, ವಿಜಯೋತ್ಸವ ಆಚರಿಸಿ, ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂಮಿ ಬಿಟ್ಟುಕೊಟ್ಟ ಸಂಗತಿ ಶಾಸನದಲ್ಲಿದೆ. ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲವೂ ನಮಗೆ ತಿಳಿದಿದೆ. ನಾಲ್ಕು ಶತಮಾನ ಕಳೆದ ಮೇಲಣ ಇನ್ನೊಂದು ಪ್ರಸಂಗ. ೧೭೯೧ರಲ್ಲಿ ಮರಾಠಾ ದಂಡಿನ ಕಡೆಯವರು ಶೃಂಗೇರಿಯನ್ನು ಕೊಳ್ಳೆ ಹೊಡೆದು ಶಾರದಾಮೂರ್ತಿಯನ್ನು ಸ್ಥಾನಪಲ್ಲಟಗೊಳಿಸಿದಾಗ, ಟಿಪ್ಪು ಸುಲ್ತಾನನು ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆಯಿಸಿ, ಪುನಃಪ್ರತಿಷ್ಠೆಗೆ ಹಣ ಒದಗಿಸಿದನು. ಆ ಪತ್ರಗಳನ್ನು ೧೯೧೬ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದವರು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು. ದೊರೆಯ ಪತ್ರ ನೂರಿಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿ ಕಾದು ಕುಳಿತಿತ್ತು. ಶಿಲ್ಪಿಗೆ ಅಂತಹ ಪೆಟ್ಟಿಗೆ ಎಲ್ಲಿಯದು?

ಇದು ಶೃಂಗೇರಿಯ ಮಾತು ಮಾತ್ರವಲ್ಲ. ಶ್ರವಣಬೆಳಗೊಳದ ಗೊಮ್ಮಟನ ಕಾಲಬಳಿಯ ಶಾಸನದಲ್ಲಿ ಚಾವುಂಡರಾಯನು ಮಾಡಿಸಿದನೆಂದಿದೆ. ನಮ್ಮ ಊರೂರುಗಳ ವೀರಗಲ್ಲುಗಳನ್ನು ತೆಗೆದುಕೊಳ್ಳಿ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ತುರು ಬಿಡಿಸಿ ಸತ್ತವನ ಹೆಸರು ಕಲ್ಲಿನ ಮೇಲಿರುವುದು; ಅವನನ್ನು ಕೈಲಾಸಕ್ಕೆ ಏರಿಸಿದ ಉಳಿಯವನ ಹೆಸರು ಕಾಣುವುದು ಅಪೂರ್ವ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಭಾರತೀಯ ಶಿಲ್ಪಿಗೆ ಹೆಸರಿನ ಹಂಬಲವೇ ಇರಲಿಲ್ಲ, ಅವನದು ನಿಷ್ಕಾಮಕರ್ಮ, ಅವನು ತನ್ನನ್ನು ದೇವರಲ್ಲಿ ಲೀನಗೊಳಿಸಿಕೊಂಡನು, ಹೀಗೆಂದು ದೊಡ್ಡವರು ಬರೆದಿರುವರು. ಕೇಳಲು ಬಹಳ ಹಿತವಾದ ಮಾತು. ಆದರೆ ನಮ್ಮ ಜಿಲ್ಲೆಯ ಕಲ್ಲುಗಳೇ ಇದಕ್ಕೆ ಎದುರುಸಾಕ್ಷಿ ನುಡಿಯುವುವು. ನರಸಿಂಹರಾಜಪುರದ ನೆರೆಯ ತರೀಕೆರೆ ತಾಲ್ಲೂಕಿನಲ್ಲಿ ಅಮೃತಾಪುರವಿದೆ. ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಅಲ್ಲಿ ಅಮೃತೇಶ್ವರನ ಗುಡಿ ಕಟ್ಟಿಸಿದನು. ಆ ಗುಡಿಯ ಕೆಲಸದಲ್ಲಿ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ದೊರೆಯುವುದು. ಅದೇ ಮಲ್ಲಿತಮ್ಮ ಎಂಬ ಹೆಸರು ಹದಿಮೂರನೆಯ ಶತಮಾನದ ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಮೂರ್ತಿಗಳ ಪೀಠದ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು. ಒಬ್ಬನೇ ಮಲ್ಲಿತಮ್ಮ ಅರುವತ್ತು ವರ್ಷ ಉಳಿ ಹಿಡಿದನೋ, ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗ ಮುಂದುವರಿಸಿದನೋ, ಅದು ಪಂಡಿತರ ಚರ್ಚೆ. ಹೆಸರಂತೂ ಅಲ್ಲಿದೆ. ಅದಕ್ಕಿಂತಲೂ ಹಿಂದೆ, ೧೧೧೭ರ ಬೇಲೂರಿನಲ್ಲಿ, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಕಾಲಡಿಯಲ್ಲಿ ತಮ್ಮ ಹೆಸರನ್ನು ಊರಿನ ಸಮೇತ ಕೊರೆದಿರುವರು. ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವರೆಂದು ಬಿರುದು ಹಾಕಿಕೊಂಡವರೂ ಅವರಲ್ಲಿ ಉಂಟು. ಇದು ನಿಷ್ಕಾಮಕರ್ಮದ ಲಕ್ಷಣವೆಂದು ನಾವು ನಂಬಬೇಕೆ? ಒಳ್ಳೆಯ ಕೆಲಸ ಮಾಡಿದವನಿಗೆ ‘ಇದು ನನ್ನದು’ ಎನ್ನುವ ಆಸೆ ಸಹಜವೇ. ಹೊಯ್ಸಳರ ಕಾಲ ಆ ಆಸೆಗೆ ಪೀಠದ ಮೇಲೆ ಒಂದು ಗೇಣು ಜಾಗ ಕೊಟ್ಟಿತು.

ಹಾಗಾದರೆ ಶೃಂಗೇರಿಯ ಶಿಲ್ಪಿಯ ಹೆಸರೇಕೆ ಹೀಗೆ ಹಿಂದೆ ಸರಿಯಿತು? ಕಾಲವನ್ನು ನೆನೆದರೆ ಒಂದು ಊಹೆಗೆ ಎಡೆಯಿದೆ. ೧೩೧೧ರಲ್ಲಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರದ ಮೇಲೆ ಬಿತ್ತು. ೧೩೪೦ರ ದಶಕದಲ್ಲಿ ಹೊಯ್ಸಳ ರಾಜ್ಯವೇ ಮುಗಿದುಹೋಯಿತು. ಅರಮನೆ ಬಿದ್ದರೆ ಆಸ್ಥಾನದ ಶಿಲ್ಪಿಗೆ ಅನ್ನವೆಲ್ಲಿ? ಸಂಚಿಯಲ್ಲಿ ಉಳಿ ಸುತ್ತಿಕೊಂಡು, ಹೆಂಡತಿಮಕ್ಕಳನ್ನು ಕಟ್ಟಿಕೊಂಡು, ಕೆಲಸವಿದ್ದಲ್ಲಿಗೆ ಆ ಮನೆತನಗಳು ಚೆದುರಿರಬೇಕು. ವಿದ್ಯಾಶಂಕರ ದೇವಾಲಯದ ತಳವಿನ್ಯಾಸದಲ್ಲಿ ಹೊಯ್ಸಳರ ನೆನಪಿದೆ, ಕಂಬದ ಸಿಂಹಗಳಲ್ಲಿ ಮುಂದಿನ ವಿಜಯನಗರದ ಮುನ್ಸೂಚನೆಯಿದೆ. ಎರಡು ರಾಜ್ಯಗಳ ನಡುವಣ ಹೊಳೆಯನ್ನು ಶಿಲ್ಪಿಯೊಬ್ಬನು ಉಳಿಯೊಂದನ್ನೇ ಹುಟ್ಟು ಮಾಡಿಕೊಂಡು ದಾಟಿದ್ದಾನೆ. ಸ್ಥಾನ ಕಳೆದುಕೊಂಡು ಬಂದವನು ಬಿರುದು ಕೊರೆಯಲು ಕೂಡುವುದಿಲ್ಲ. ಕೆಲಸ ಸಿಕ್ಕಿದ್ದೇ ಪುಣ್ಯವೆಂದುಕೊಳ್ಳುವನು. ಇದು ಊಹೆಯೇ, ಆದರೆ ಕಟ್ಟಡವನ್ನು ನೋಡಿದವರಿಗೆ ಅಸಂಗತವೆಂದು ತೋರಲಾರದು.

ಹೆಸರು ಮರೆತ ಜನ ಹೆಸರೊಂದನ್ನು ಹೊಸದಾಗಿ ಕಟ್ಟಿಕೊಳ್ಳುವುದೂ ಉಂಟು. ಕನ್ನಡಿಗರಿಗೆ ಆ ಹೆಸರು ಜಕಣಾಚಾರಿ. ಯಾವ ಹಳೆಯ ಗುಡಿಯನ್ನು ಕಂಡರೂ ನಮ್ಮ ಹಿರಿಯರು ‘ಜಕಣಾಚಾರಿಯ ಕೆಲಸ’ ಎನ್ನುತ್ತಿದ್ದರು. ಬೇಲೂರಿನಲ್ಲಿ ಅವನು ಕಡೆದ ಮೂರ್ತಿಯ ಕಲ್ಲಿನೊಳಗೆ ಕಪ್ಪೆಯಿದೆಯೆಂದು ಹುಡುಗನೊಬ್ಬ ತೋರಿಸಿಕೊಟ್ಟನಂತೆ. ಆ ಹುಡುಗ ಅವನ ಮಗನೇ ಆಗಿದ್ದನಂತೆ. ಇತಿಹಾಸ ಈ ಕತೆಯನ್ನು ಒಪ್ಪದು. ಆದರೆ ಕತೆಯೊಳಗಿನ ತಿಳಿವಳಿಕೆಯನ್ನು ಗಮನಿಸಿ: ಎಂತಹ ದೊಡ್ಡ ಶಿಲ್ಪಿಗಾದರೂ ಕಲ್ಲಿನ ಒಳಗನ್ನು ಪೂರ್ತಿ ಬಲ್ಲೆನೆಂಬ ಗರ್ವ ಸಲ್ಲದು. ಶೃಂಗೇರಿಯಲ್ಲಿಯೂ ಒಂದು ಕಪ್ಪೆಯುಂಟು. ಬಿಸಿಲಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿತೆಂದೂ, ಅದನ್ನು ಕಂಡೇ ಶಂಕರರು ಇಲ್ಲಿ ಪೀಠ ಸ್ಥಾಪಿಸಿದರೆಂದೂ ಐತಿಹ್ಯ. ತುಂಗೆಯ ಸ್ನಾನಘಟ್ಟದ ಬಳಿ ‘ಕಪ್ಪೆ ಶಂಕರ’ನ ಶಿಲ್ಪ ಆ ನೆನಪನ್ನು ಹೊತ್ತಿದೆ. ಬೇಲೂರಿನ ಕಪ್ಪೆ ಶಿಲ್ಪಿಗೆ ವಿನಯ ಕಲಿಸಿತು. ಶೃಂಗೇರಿಯ ಕಪ್ಪೆ ಬಲವಂತನಿಗೆ ಕರುಣೆ ಕಲಿಸಿತು. ಶಿಲ್ಪಕ್ಕೆ ಎರಡೂ ಬೇಕು.

ಸತ್ತುಹೋದ ಹೆಸರಿಲ್ಲದವನನ್ನು ಅರಿಯಬೇಕಾದರೆ ನಮ್ಮ ಕಣ್ಣ ಮುಂದೆ ಬಾಳಿದ ಹೆಸರುಳ್ಳವನೊಬ್ಬನನ್ನು ನೋಡಬೇಕು. ಅದಕ್ಕಾಗಿ ಬಹು ದೂರ ಹೋಗಬೇಕಾಗಿಲ್ಲ. ಶೃಂಗೇರಿಯಿಂದ ಕೆರೆಕಟ್ಟೆಯ ಕಾಡು ಹಾದು, ಮಾಳದ ಘಟ್ಟ ಇಳಿದರೆ ಕಾರ್ಕಳ. ಘಟ್ಟದ ಮೇಲಿನ ಕಳಸವನ್ನೂ ಘಟ್ಟದ ಕೆಳಗಣ ಕಾರ್ಕಳವನ್ನೂ ಭೈರರಸರೆಂಬ ಒಂದೇ ಮನೆತನ ಆಳಿತ್ತು. ಆದ್ದರಿಂದ ಈ ದಾರಿ ಇಂದು ನಿನ್ನೆಯದಲ್ಲ. ಆ ಮನೆತನದ ವೀರಪಾಂಡ್ಯನು ೧೪೩೨ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಸುಮಾರು ೪೨ ಅಡಿಯ ಗೊಮ್ಮಟನನ್ನು ನಿಲ್ಲಿಸಿದನು. ೧೬೦೪ರಲ್ಲಿ ವೇಣೂರಿನಲ್ಲಿ ತಿಮ್ಮರಾಜ ಅಜಿಲನು ೩೫ ಅಡಿಯ ಇನ್ನೊಂದನ್ನು ನಿಲ್ಲಿಸಿದನು. ಆಮೇಲೆ ಮೂರೂವರೆ ಶತಮಾನಗಳ ಕಾಲ ಆ ಸೀಮೆಯಲ್ಲಿ ಅಂತಹ ಸಾಹಸಕ್ಕೆ ಯಾರೂ ಕೈಹಾಕಲಿಲ್ಲ. ವಿದ್ಯೆ ಸತ್ತುಹೋಯಿತೆಂದೇ ಯಾರಾದರೂ ಹೇಳಬಹುದಾಗಿತ್ತು.

ಹಾಗಲ್ಲವೆಂದು ತೋರಿಸಿಕೊಟ್ಟವರು ರೆಂಜಾಳ ಗೋಪಾಲ ಶೆಣೈಯವರು. ರೆಂಜಾಳವೆಂಬುದು ಕಾರ್ಕಳದ ಹತ್ತಿರದ ಹಳ್ಳಿ. ಶೆಣೈ ಎಂದೊಡನೆ ಕರಾವಳಿಯವರಿಗೆ ಅಂಗಡಿ, ಬ್ಯಾಂಕು, ಲೆಕ್ಕದ ಪುಸ್ತಕಗಳು ನೆನಪಾಗುವುವು; ಈ ಶೆಣೈಯವರು ಲೆಕ್ಕ ಹಾಕಿದ್ದು ತಾಲ, ಅಂಗುಲಗಳಲ್ಲಿ. ೧೮೯೬ರಲ್ಲಿ ಹುಟ್ಟಿ ೧೯೮೫ರಲ್ಲಿ ತೀರಿಕೊಂಡ ಅವರ ಬಾಳು ಹೆಚ್ಚುಕಡಮೆ ಒಂದು ಶತಮಾನವನ್ನು ತುಂಬಿತು. ಧರ್ಮಸ್ಥಳದ ಡಿ. ರತ್ನವರ್ಮ ಹೆಗ್ಗಡೆಯವರು ತಮ್ಮ ಕ್ಷೇತ್ರದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿ, ಆ ಕೆಲಸವನ್ನು ಅವರಿಗೆ ವಹಿಸಿದರು. ೧೯೬೭ರಲ್ಲಿ ಕಾರ್ಕಳದ ಏಕಶಿಲೆಯ ಮೇಲೆ ಉಳಿಯ ಮೊದಲ ಪೆಟ್ಟು ಬಿದ್ದಾಗ ಶಿಲ್ಪಿಗೆ ಎಪ್ಪತ್ತು ದಾಟಿತ್ತು. ಉಳಿದವರು ಊರುಗೋಲು ಹಿಡಿಯುವ ವಯಸ್ಸಿನಲ್ಲಿ ಅವರು ೩೯ ಅಡಿಯ ಮೂರ್ತಿಗೆ ಉಳಿ ಹಿಡಿದರು.

ಮರುವರ್ಷವೇ, ೧೯೬೮ರಲ್ಲಿ, ಸಂಕಲ್ಪ ಮಾಡಿದ ಹೆಗ್ಗಡೆಯವರು ತೀರಿಕೊಂಡರು. ಮಾಡಿಸುವವನು ಹೋದರೂ ಮಾಡುವವನ ಕೈ ನಿಲ್ಲಲಿಲ್ಲ. ಮಗ ವೀರೇಂದ್ರ ಹೆಗ್ಗಡೆಯವರು ತಂದೆಯ ಸಂಕಲ್ಪವನ್ನು ಮುಂದುವರಿಸಿದರು. ೧೯೭೩ರಲ್ಲಿ, ನೂರು ಟನ್ನಿಗೂ ಮೀರಿದ ಭಾರದ ಮೂರ್ತಿಯನ್ನು ಹತ್ತಾರು ಚಕ್ರಗಳ ವಾಹನದ ಮೇಲೆ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿಸಿದರು. ನಿಲ್ಲುವುದಕ್ಕೆಂದೇ ಹುಟ್ಟಿದ ಮೂರ್ತಿ ಮಲಗಿ ಪಯಣ ಮಾಡಿತು; ದಾರಿಯುದ್ದಕ್ಕೂ ಜನ ನೆರೆದು ನೋಡಿದರು. ರತ್ನಗಿರಿಯ ಮೇಲೆ ನಿಂತ ಬಾಹುಬಲಿಗೆ ಪ್ರತಿಷ್ಠೆಯೂ ಮೊದಲ ಮಹಾಮಸ್ತಕಾಭಿಷೇಕವೂ ನಡೆದದ್ದು ೧೯೮೨ರಲ್ಲಿ. ಮೊದಲ ಪೆಟ್ಟಿನಿಂದ ಅಭಿಷೇಕದವರೆಗೆ ಹದಿನೈದು ವರ್ಷ. ಆ ವೃದ್ಧ ಶಿಲ್ಪಿ ಅದನ್ನು ಕಾಣುವಷ್ಟು ಬಾಳಿದರೆಂಬುದೇ ನಮಗೆ ಸಮಾಧಾನ. ಆಮೇಲೆ ೧೯೯೫, ೨೦೦೭, ೨೦೧೯ರಲ್ಲಿ ಅಭಿಷೇಕಗಳಾದವು. ಆಗ ಶಿಲ್ಪಿ ಇರಲಿಲ್ಲ, ಮೂರ್ತಿ ಇತ್ತು.

ಗೊಮ್ಮಟನನ್ನು ಕಡೆಯುವುದು ಶಿಲ್ಪಿಗೆ ಕಠಿಣ ಪರೀಕ್ಷೆ. ಉಳಿದ ದೇವತೆಗಳಿಗೆ ಕಿರೀಟವಿದೆ, ಆಯುಧವಿದೆ, ಹಾರವಿದೆ. ಅಳತೆಯಲ್ಲಿ ಎಲ್ಲಾದರೂ ಕೂದಲೆಳೆಯ ತಪ್ಪಾದರೆ ಆಭರಣದಿಂದ ಮರೆಸಬಹುದು. ಬೇಲೂರಿನ ಮದನಿಕೆಯ ಮೈಮೇಲೆ ಕಣ್ಣು ಒಡವೆಯಿಂದ ಒಡವೆಗೆ ಜಾರುತ್ತ ಹೋಗುವುದು. ಗೊಮ್ಮಟನ ಮೈಮೇಲೆ ಅಡಗಲು ಜಾಗವೇ ಇಲ್ಲ. ಕಾಲಿಗೆ ಹಬ್ಬಿದ ಬಳ್ಳಿ, ಪಕ್ಕದ ಹುತ್ತ, ಅಷ್ಟೇ ಅಲಂಕಾರ. ನೋಡುವವನು ಪಾದದ ಬಳಿ ನಿಂತು ತಲೆಯೆತ್ತಿ ನೋಡುವನಾದ್ದರಿಂದ, ಹತ್ತಿರದಿಂದ ಸರಿಯಾಗಿ ಕಾಣುವ ಮುಖ ಕೆಳಗಿನಿಂದ ಚಿಕ್ಕದಾಗಿ ಕಂಡೀತು. ಅದನ್ನು ಮೊದಲೇ ಎಣಿಸಿ ಕಡೆಯಬೇಕು. ಒಂದೇ ಬಂಡೆಯಾದ್ದರಿಂದ ತೇಪೆಗೆ ಎಡೆಯಿಲ್ಲ. ಕವಿ ತಪ್ಪಿದರೆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಾನು; ಶಿಲ್ಪಿಗೆ ಹೊಡೆದುಹಾಕುವುದೇ ಬರೆಯುವುದು. ಎಲ್ಲವನ್ನೂ ತ್ಯಜಿಸಿದವನ ಮೂರ್ತಿಯನ್ನು ಕಡೆಯುವ ಶಿಲ್ಪಿಯೂ ತನ್ನ ಕುಶಲತೆಯ ಆಡಂಬರವನ್ನು ತ್ಯಜಿಸಬೇಕಾಗುವುದು.

ಹೊರಗಿನಿಂದ ನೋಡಿದವರು ಸಾಂಪ್ರದಾಯಿಕ ಶಿಲ್ಪಿಗೆ ಸ್ವಾತಂತ್ರ್ಯವೆಲ್ಲಿ ಎಂದು ಕೇಳುವರು. ಮುಖದ ಉದ್ದ ಹನ್ನೆರಡಂಗುಲವಾದರೆ ಅದು ಒಂದು ತಾಲ. ನವತಾಲದ ಮೂರ್ತಿಗೆ ನೂರೆಂಟು ಅಂಗುಲ. ಕೈ ಎಷ್ಟು, ಆಯುಧ ಯಾವುದು, ಕುಳಿತಿದೆಯೋ ನಿಂತಿದೆಯೋ, ಎಲ್ಲವನ್ನೂ ಧ್ಯಾನಶ್ಲೋಕವೇ ಹೇಳಿಬಿಡುವುದು. ಇನ್ನುಳಿದದ್ದೇನು? ಇದಕ್ಕೆ ಸಂಗೀತದಿಂದಲೇ ಉತ್ತರ ಹೇಳಬಹುದು. ಸ್ವರಗಳು ಏಳೇ, ಮೇಳಕರ್ತ ರಾಗಗಳು ಎಪ್ಪತ್ತೆರಡೇ, ಹಾಗೆಂದು ಇಬ್ಬರು ವಿದ್ವಾಂಸರ ಕಲ್ಯಾಣಿ ಒಂದೇ ಆಗುವುದೆ? ಅಳತೆ ಶಾಸ್ತ್ರದ್ದು, ತುಟಿಯ ಕೊನೆಯಲ್ಲಿ ಆ ಮುಗುಳ್ನಗೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಶಿಲ್ಪಿಯದು. ಯಾವ ಗ್ರಂಥವೂ ಅದಕ್ಕೆ ಅಂಗುಲ ಹೇಳಿಲ್ಲ.

ಮೂರ್ತಿ ಮುಗಿದ ಮೇಲೆ ನೇತ್ರೋನ್ಮೀಲನ, ಎಂದರೆ ಕಣ್ಣು ತೆರೆಸುವುದು. ಅಲ್ಲಿಯವರೆಗೆ ಅದು ಶಿಲ್ಪಿಯ ಕಲ್ಲು. ಅವನು ಅದರ ಹೆಗಲ ಮೇಲೆ ಕಾಲಿಟ್ಟು ಹತ್ತಿರಬಹುದು, ಎದೆಯ ಮೇಲೆ ಕುಳಿತು ಎಲೆಯಡಕೆ ಹಾಕಿಕೊಂಡಿರಬಹುದು. ಕಣ್ಣು ತೆರೆದು ಪ್ರತಿಷ್ಠೆಯಾದ ಮರುಗಳಿಗೆಯೇ ಅದು ದೇವರು. ಶಿಲ್ಪಿ ಎಲ್ಲರಂತೆ ಹೊರಗೆ ನಿಂತು ಕೈಮುಗಿಯಬೇಕಾದವನು. ಹಡೆದ ತಾಯಿ ಮಗಳನ್ನು ಧಾರೆಯೆರೆದು ಕೊಟ್ಟಂತೆ. ಬಿಟ್ಟುಕೊಡುವುದೇ ಅವನ ವಿದ್ಯೆಯ ಕೊನೆಯ ಪಾಠ. ಈ ತ್ಯಾಗ ನಿಜವಾದದ್ದು, ದೊಡ್ಡದು. ಆದರೆ ಒಂದು ಮಾತನ್ನು ಬೇರೆ ಮಾಡಿ ನೋಡಬೇಕು. ಶಿಲ್ಪಿ ತನ್ನ ಹಕ್ಕನ್ನು ಬಿಟ್ಟುಕೊಡುವುದು ಅವನ ಹಿರಿಮೆ. ಅವನನ್ನು ನಾವು ಮರೆತುಬಿಡುವುದು ನಮ್ಮ ಹಿರಿಮೆಯಲ್ಲ. ತಾಯಿ ಧಾರೆಯೆರೆದಳೆಂದು ಮದುವೆಮನೆಯಲ್ಲಿ ಅವಳಿಗೆ ಎಲೆ ಹಾಕದಿರುವವರುಂಟೆ?

ಮತ್ತೆ ಘಟ್ಟ ಹತ್ತಿ ಕೊಪ್ಪದ ಕಡೆಗೆ ಬರೋಣ. ಈ ತಾಲ್ಲೂಕಿನ ಹಿರೇಕೊಡಿಗೆಯಲ್ಲಿಯೇ ೧೯೦೪ರ ಡಿಸೆಂಬರ್ ೨೯ರಂದು ಕುವೆಂಪು ಹುಟ್ಟಿದ್ದು. ಅವರು ಬೆಳೆದ ಕುಪ್ಪಳಿ ನೆರೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದೆ. ಮನೆಯ ಹಿಂದಣ ಕವಿಶೈಲದ ಬಂಡೆಯೊಂದರ ಮೇಲೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ, ಕುವೆಂಪು, ಈ ಮೂವರ ಸಹಿಗಳಿವೆ. ೧೯೩೬ರಲ್ಲಿ ಗುರುಶಿಷ್ಯರು ಕೂಡಿ ಅಲ್ಲಿ ಕುಳಿತ ಗುರುತು. ಕಾಗದವನ್ನೇ ನಂಬಿದ ಕವಿಗಳಿಗೂ ಬಂಡೆಯ ಮೇಲೆ ಹೆಸರು ಕೊರೆಯುವ ಆಸೆ ಬಂತಲ್ಲ! ಇಂದು ಕವ���ಶೈಲಕ್ಕೆ ಹೋದವರು ಕಾಣುವ, ಆದಿಮಾನವರ ಶಿಲಾಸಮಾಧಿಗಳನ್ನು ನೆನಪಿಗೆ ತರುವ ಭಾರಿ ಕಲ್ಲುಗಳ ವಿನ್ಯಾಸ ಕಲಾವಿದ ಕೆ. ಟಿ. ಶಿವಪ್ರಸಾದರದು. ಅಲ್ಲಿ ದೇವರಿಲ್ಲ, ಧ್ಯಾನಶ್ಲೋಕವಿಲ್ಲ, ನವತಾಲವಿಲ್ಲ. ಒರಟು ಕಲ್ಲು ನಿಂತಿದೆ, ಅದರ ಮೇಲೆ ಇನ್ನೊಂದು ಒರಗಿದೆ, ಸಂದಿನಲ್ಲಿ ಮಲೆನಾಡಿನ ಆಕಾಶ. ಶೃಂಗೇರಿಯ ಶಿಲ್ಪಿ ಕಲ್ಲನ್ನು ಹೂವಿನಂತೆ ಮಾಡಿದನು. ಇವರು ಕಲ್ಲನ್ನು ಕಲ್ಲಾಗಿಯೇ ಇರಗೊಟ್ಟರು. ಎರಡೂ ಶಿಲ್ಪವೇ. ಆದರೆ ಅಲ್ಲಿಗೆ ಹೋದವರಲ್ಲಿ ಕುವೆಂಪು ಹೆಸರನ್ನು ಎಲ್ಲರೂ ಬಲ್ಲರು. ಕಲ್ಲು ನಿಲ್ಲಿಸಿದವರ ಹೆಸರನ್ನು ಬಲ್ಲವರು ಕೆಲವರೇ.

ಕಾಲ ಬದಲಾಗಿಲ್ಲವೆಂದೇನೂ ಅಲ್ಲ. ಶೃಂಗೇರಿಯ ಪೀಠಕ್ಕೆ ಮೂಲಪುರುಷರಾದ ಶಂಕರಾಚಾರ್ಯರ ೧೨ ಅಡಿಯ ಶಿಲಾಮೂರ್ತಿ ೨೦೨೧ರ ನವೆಂಬರ್‌ನಲ್ಲಿ ಹಿಮಾಲಯದ ಕೇದಾರದಲ್ಲಿ ಅನಾವರಣಗೊಂಡಿತು. ಕಡೆದವರು ಮೈಸೂರಿನ ಅರುಣ್ ಯೋಗಿರಾಜ್, ಶಿಲ್ಪಿಗಳ ಮನೆತನದಲ್ಲಿ ಹುಟ್ಟಿ, ಎಂ. ಬಿ. ಎ. ಓದಿ, ಸ್ವಲ್ಪಕಾಲ ಕಂಪೆನಿಯೊಂದರ ಮೇಜಿನ ಮುಂದೆ ಕುಳಿತು, ಮತ್ತೆ ಉಳಿಗೇ ಮರಳಿದವರು. ೨೦೨೪ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ೫೧ ಅಂಗುಲದ ಬಾಲರಾಮನೂ ಅವರದೇ ಕೃತಿ. ಒಂದೇ ದಿನದಲ್ಲಿ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಶಿಲ್ಪಿಯೊಬ್ಬನ ಹೆಸರು ಮನೆಮನೆಯಲ್ಲಿ ಕೇಳಿಬಂದದ್ದು ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಅದೇ ಗರ್ಭಗುಡಿಗಾಗಿ ಮೂವರು ಶಿಲ್ಪಿಗಳು ಮೂರು ಮೂರ್ತಿಗಳನ್ನು ಕಡೆದಿದ್ದರು. ಅವರಲ್ಲಿ ಇನ್ನೊಬ್ಬರು, ಗಣೇಶ ಭಟ್ಟರು, ಕನ್ನಡಿಗರೇ. ಅವರೂ ತಿಂಗಳುಗಟ್ಟಲೆ ಕಲ್ಲಿನ ಮುಂದೆ ಕುಳಿತಿದ್ದರು. ಆ ಹೆಸರನ್ನು ನಮ್ಮಲ್ಲಿ ಎಷ್ಟು ಜನ ನೆನಪಿಟ್ಟಿರುವರು?

ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಜಕಣಾಚಾರಿಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ, ಶಿಲ್ಪಕಲಾ ಅಕಾಡೆಮಿಯಿದೆ. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಯುವಕರಿಗೆ ಕಲ್ಲು, ಮರ, ಲೋಹಗಳ ಕೆಲಸ ಕಲಿಸುತ್ತಿದೆ. ಅಲ್ಲಿಗೆ ಬರುವವರೆಲ್ಲ ಶಿಲ್ಪಿಗಳ ಮನೆಯವರೇ ಆಗಬೇಕೆಂದಿಲ್ಲ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಸರ್ಕಾರದಿಂದಲೇ ಎಲ್ಲವೂ ಆಗಬೇಕೆ? ನಾವು ನೀವು ಮಾಡಬಹುದಾದ ಸಣ್ಣ ಕೆಲಸವೊಂದಿದೆ.

ಮಲೆನಾಡಿನಲ್ಲಿ ಈಚೆಗೆ ಊರೂರಿನ ಗುಡಿಗಳಿಗೂ ಜೀರ್ಣೋದ್ಧಾರದ ಯೋಗ ಬಂದಿದೆ. ಅಡಕೆಗೆ ಬೆಲೆ ಬಂದ ವರ್ಷ ದೇವರಿಗೂ ಹೊಸ ಮನೆ. ಪ್ರತಿಷ್ಠೆ ಮುಗಿದ ಮೇಲೆ ಹೊರಗೋಡೆಗೆ ಒಂದು ಕರಿಯ ಫಲಕ ಬರುವುದು. ಧ್ವಜಸ್ತಂಭ ಕೊಟ್ಟವರು ಇಂಥವರು, ಹಾಸುಗಲ್ಲು ಕೊಟ್ಟವರು ಇಂಥವರು, ಇಷ್ಟಿಷ್ಟು ರೂಪಾಯಿ. ಟ್ಯೂಬ್‌ಲೈಟು ಕೊಟ್ಟವರು ಅದರ ಮೇಲೆಯೇ ಹೆಸರು ಬರೆಸಿ, ಅರ್ಧ ಬೆಳಕನ್ನು ಹೆಸರಿಗೇ ಕೊಟ್ಟುಬಿಟ್ಟಿರುವುದನ್ನೂ ನೋಡಿದ್ದೇವೆ. ಆಗಲಿ, ಕೊಟ್ಟವರ ಹೆಸರು ಇರಬೇಕಾದದ್ದೇ. ಆದರೆ ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೂ ಗರ್ಭಗುಡಿಯ ಮೂರ್ತಿಯನ್ನು ಕಡೆದವನ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಅವನಿಗೆ ಹಣ ಕೊಟ್ಟಾಯಿತು, ಶಾಲು ಹೊದಿಸಿಯಾಯಿತು, ಬಸ್ಸು ಹತ್ತಿಸಿಯಾಯಿತು. ನೂರು ವರ್ಷ ಕಳೆದ ಮೇಲೆ ಊರಿನ ಮಗುವೊಂದು ‘ಇದನ್ನು ಮಾಡಿದವನು ಯಾರು?’ ಎಂದು ಕೇಳಿದರೆ, ಮತ್ತೆ ಮಾಡಿಸಿದವರ ಪಟ್ಟಿಯನ್ನೇ ಓದಿ ಹೇಳಬೇಕಾಗುವುದು.

ಫಲಕದ ಕೊನೆಯಲ್ಲಿ ಒಂದು ಸಾಲು ಸಾಕು: ಶಿಲ್ಪಿ ಇಂಥವನು, ಇಂಥ ಊರಿನವನು. ಬಳ್ಳಿಗಾವೆಯ ದಾಸೋಜನು ತಾನೇ ಕೊರೆದುಕೊಂಡದ್ದೂ ಇಷ್ಟನ್ನೇ. ಖರ್ಚಾದೀತೆಂದು ಅಂಜಬೇಕಾಗಿಲ್ಲ, ಅಕ್ಷರಕ್ಕೆ ಇಷ್ಟೆಂದು ಲೆಕ್ಕ ಹಾಕಿದರೂ ಟ್ಯೂಬ್‌ಲೈಟಿನ ಬೆಲೆಯನ್ನು ಮೀರಲಾರದು.

ಇನ್ನೊಮ್ಮೆ ಶೃಂಗೇರಿಗೆ ಹೋದಾಗ ವಿದ್ಯಾಶಂಕರ ದೇವಾಲಯದ ಆ ಕಂಬದ ಮುಂದೆ ಒಂದು ಗಳಿಗೆ ನಿಲ್ಲಿ. ಸಿಂಹದ ಬಾಯಲ್ಲಿ ಗುಂಡು ಇಂದಿಗೂ ಇದೆ. ನಾಲಗೆಯ ಮೇಲೆ ಬಂದು, ಹಲ್ಲಿನವರೆಗೆ ಉರುಳಿ, ಹೊರಕ್ಕೆ ಬಾರದೆ ಉಳಿದ ಮಾತಿನ ಹಾಗೆ ಅದು ತೋರುವುದು. ಏಳು ಶತಮಾನಗಳಿಂದ ಆ ಸಿಂಹ ಹೇಳಬೇಕೆಂದಿರುವುದು ಒಂದು ಹೆಸರನ್ನೇ ಇರಬೇಕು.